ಮೈಲಿಗಲ್ಲನ್ನೂ ನುಂಗಿದ ಫುಟ್‌ಪಾತ್

ಮುಂಬಯಿಯ ಹಳೇ ಮೂಲೆಗಳನ್ನು ನಡೆದೇ ನೋಡಬೇಕು ಅಂತ ಉಪದೇಶ ಮಾಡುವವರಿಗೆ ಬರವಿಲ್ಲ. ಸರಿ ಮಾರಾಯ್ರೆ, ನಡೆಯೋಣ. ಎಲ್ಲಿ ಕಾಲಿಡೋದು ಅಂತ ಮಾತ್ರ ಯಾರೂ ಹೇಳಲ್ಲ.

ದಕ್ಷಿಣ ಮುಂಬಯಿಯ ಹಳೇ ಕೋಟೆ ಪ್ರದೇಶ ಫೋರ್ಟಿನ ಸೇಂಟ್ ಥಾಮಸ್ ಚರ್ಚನ್ನೇ ತಗೊಳ್ಳಿ. 1718ರಲ್ಲಿ ತೆರೆದದ್ದು, ಚರ್ಚ್‌ಗೇಟಿಗೆ ಹೆಸರು ಬಂದದ್ದೂ ಇದರಿಂದಲೇ. ಬ್ರಿಟಿಷರ ಕಾಲದಲ್ಲಿ ಊರಿನ ದೂರ ಅಳೆಯುತ್ತಿದ್ದುದು ಇಲ್ಲಿಂದ. ಕರಿಕಲ್ಲಿನಲ್ಲಿ ರೋಮನ್ ಅಂಕಿ ಕೊರೆದು, ಚರ್ಚಿನಿಂದ ಇಷ್ಟು ಮೈಲಿ ಅಂತ ಬರೆದು ದಾರಿಯುದ್ದಕ್ಕೂ ನೆಟ್ಟಿದ್ದರು. ಕಾಳಬಾದೇವಿಯಿಂದ ದಾದರಿನ ತನಕ ಆ ಕಲ್ಲುಗಳನ್ನು ಹುಡುಕಿಕೊಂಡು ಹೋಗುವಷ್ಟು ಚಂದದ ನಡಿಗೆ ಈ ಊರಲ್ಲಿ ಇನ್ನೊಂದಿಲ್ಲ. ಆದರೆ ಅವುಗಳಲ್ಲಿ ಕೆಲವು ನೆತ್ತಿಯಷ್ಟೇ ಕಾಣುವ ಹಾಗೆ ಹೂತುಹೋಗಿದ್ದವು. ಈಚೆಗೆ ಅಗೆದು ಎತ್ತಿ ನಿಲ್ಲಿಸಿದ್ದಾರೆ, ಸಂತೋಷ. ಹೂತದ್ದು ಯಾಕೆ ಅಂತ ಯಾರಾದರೂ ಕೇಳಿದರಾ?

ಕಲ್ಲೇನೂ ತಾನಾಗಿ ಕುಸಿಯಲಿಲ್ಲ, ರಸ್ತೆ ಮೇಲೆ ಬಂತು. ಹಳೇ ಡಾಂಬರನ್ನು ಕೆರೆದು ತೆಗೆದು ಹೊಸದು ಹಾಕಬೇಕು. ಕೆರೆಯುವ ಗೋಜಿಗೇ ಹೋಗದೆ ಮೇಲಿಂದ ಮೇಲೆ ನಾಲ್ಕೈದು ಸೆಂಟಿಮೀಟರಿನ ಪದರ ಬಳಿದರೆ ಐದು ಸಲಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಅಡಿ. ರಸ್ತೆ ಎತ್ತರವಾಯಿತಲ್ಲ, ಇನ್ನು ಫುಟ್‌ಪಾತನ್ನೂ ಎತ್ತಬೇಕು. ಆಗ ಹಳೇ ಕಟ್ಟಡದ ಮೊದಲ ಮೆಟ್ಟಿಲು ಮಾಯ, ಆಮೇಲೆ ಎರಡನೆಯದು. ಕೊನೆಗೆ ಅಂಗಡಿಯ ನೆಲವೇ ರಸ್ತೆಗಿಂತ ಕೆಳಗೆ. ಜುಲೈ ಮಳೆಗೆ ನೀರು ನೇರ ಒಳಗೆ ಬರುತ್ತದೆ, ದೂರು ಮಾತ್ರ ಹಳೇ ಕಟ್ಟಡದ ಮೇಲೆ.

ಇನ್ನು ಫುಟ್‌ಪಾತಿಗೆ ಹಾಸುವ ಈ ಕಾಂಕ್ರೀಟ್ ಪೇವರ್ ಬ್ಲಾಕ್! ತಪ್ಪು ಬ್ಲಾಕಿನದಲ್ಲ. ಕೆಳಗಿನ ಜಲ್ಲಿಯನ್ನು ದಮ್ಮಸು ಮಾಡಿ, ಮೇಲೆ ಮೂರು ಸೆಂಟಿಮೀಟರಿನಷ್ಟು ಮರಳನ್ನು ಸಮನಾಗಿ ಹರಡಿ, ಬ್ಲಾಕ್ ಜೋಡಿಸಿ, ಅಂಚಿಗೆ ಕಲ್ಲು ಕೊಟ್ಟು ಬಿಗಿದು, ಸಂದಿಗೆ ನುಣುಪು ಮರಳು ತುಂಬಿದರೆ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಇಲ್ಲಿ ನಡೆಯುವುದು ಬೇರೆ. ಕೇಬಲ್‌ನವರು ಬಂದು ಅಗೆಯುತ್ತಾರೆ, ಮಣ್ಣನ್ನು ಹಾಗೇ ಸಡಿಲವಾಗಿ ತಳ್ಳುತ್ತಾರೆ, ಮೇಲೆ ಒಂದು ಬುಟ್ಟಿ ಮರಳು ಚೆಲ್ಲಿ ಬ್ಲಾಕ್ ಇಟ್ಟು ಹೋಗುತ್ತಾರೆ. ಮಳೆಗೆ ಮರಳು ಗಟಾರ ಸೇರುತ್ತದೆ. ಆಮೇಲೆ ಒಂದು ಮೂಲೆ ತುಳಿದರೆ ಇನ್ನೊಂದು ಮೂಲೆಯಿಂದ ಕೊಳಚೆ ನೀರು ಮೊಣಕಾಲಿನ ತನಕ ಚಿಮ್ಮುತ್ತದೆ.

ನಿಯಮವಿಲ್ಲ ಅಂದುಕೊಳ್ಳಬೇಡಿ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆ ಪ್ರಕಾರ ನಡೆಯಲು 1.8 ಮೀಟರ್ ಖಾಲಿ ಜಾಗ ಬೇಕು, ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಕೂಡದು. ಫೋರ್ಟಿನದ್ದೇ ಬಜಾರ್‌ಗೇಟ್ ಬೀದಿಗೆ ಟೇಪ್ ಹಿಡಿದು ಹೋಗಿ ನೋಡಿ. ಕರೆಂಟಿನ ಪೆಟ್ಟಿಗೆ, ನಿಲ್ಲಿಸಿದ ಬೈಕು, ಕೈಗಾಡಿ ಕಳೆದರೆ ಉಳಿಯುವುದು ಭುಜದಗಲ. ದಾದಾಭಾಯಿ ನವರೋಜಿ ರಸ್ತೆಯಲ್ಲಂತೂ ಕಟ್ಟಡ ಕಟ್ಟುವಾಗಲೇ ಕೆಳಗೆ ಕಮಾನಿನ ಹಾದಿ ಬಿಡಿಸಿದ್ದರು, ಬಿಸಿಲು ಮಳೆ ಎರಡಕ್ಕೂ ನೆರಳು. ಅಷ್ಟು ಬುದ್ಧಿ ಆಗ ಇತ್ತು.

ಬಾಣಗಂಗಾ ಕಥೆ ಕೇಳಿದರೆ ಮೈ ಉರಿಯುತ್ತದೆ. ವಾಲ್ಕೇಶ್ವರದ ಆ ಕೆರೆಯನ್ನು 1715ರಲ್ಲಿ ಹೊಸದಾಗಿ ಕಟ್ಟಿಸಿದವರು ರಾಮ ಕಾಮತಿ. ದಡದಲ್ಲೇ ಗೌಡ ಸಾರಸ್ವತರ ಕಾಶೀ ಮಠ, ಕವಳೆ ಮಠ. ನಮ್ಮ ಕರಾವಳಿಯವರಿಗೆ ಅದು ಹೊರಗಿನ ಜಾಗವೇ ಅಲ್ಲ. 2024ರ ಜೂನ್‌ನಲ್ಲಿ ಹೂಳೆತ್ತುವ ಹೆಸರಲ್ಲಿ ಅಗೆಯುವ ಯಂತ್ರವನ್ನು ಆ ಕಲ್ಲಿನ ಮೆಟ್ಟಿಲ ಮೇಲೆಯೇ ಇಳಿಸಿದರು! ಮೆಟ್ಟಿಲು ಮುರಿಯದೆ ಇನ್ನೇನಾಗುತ್ತದೆ? ಅದೂ ಜೀರ್ಣೋದ್ಧಾರ ನಡೆಯುತ್ತಿದ್ದಾಗ.

ಇಷ್ಟಾದರೂ ಹೋಗುವವರು ಭಾನುವಾರ ಬೆಳಿಗ್ಗೆ ಏಳಕ್ಕೆ ವಿ.ಟಿ. ರೈಲು ನಿಲ್ದಾಣದಲ್ಲಿ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಇಳಿಯಿರಿ, ಒಂಬತ್ತೂವರೆಯೊಳಗೆ ಮುಗಿಸಿ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಬೂಟು, ಹವಾಯಿ ಬೇಡವೇ ಬೇಡ. ಸೇಂಟ್ ಜಾರ್ಜ್ ಆಸ್ಪತ್ರೆ ಕಡೆ ಹಳೇ ಕೋಟೆಗೋಡೆಯ ತುಂಡು ಉಳಿದಿದೆ, ಅಲ್ಲಿಂದ ಶುರುಮಾಡಿದರೆ ಸಲೀಸು. 1860ರ ದಶಕದಲ್ಲಿ ಕೋಟೆ ಕೆಡವಿದವರು ಬಿಟ್ಟುಹೋದದ್ದರಲ್ಲಿ ಸುಲಭಕ್ಕೆ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಬಜಾರ್‌ಗೇಟ್ ಬೀದಿಯ ಒಳಗೆ ನುಗ್ಗಬೇಡಿ. ಮಳೆ ಬಂದ ಮರುದಿನವಂತೂ ಯಾರೂ ಬೇಡ, ಯಾವ ಬ್ಲಾಕಿನ ಕೆಳಗೆ ಮರಳಿದೆ, ಯಾವುದರ ಕೆಳಗೆ ಬರೀ ನೀರಿದೆ ಅಂತ ತುಳಿಯುವ ತನಕ ಗೊತ್ತಾಗುವುದಿಲ್ಲ.