ಒಣಗ್ತಾ ಅಳಿಯಂದ್ರೇ?

ಪುಷ್ಯ ಮಳೆ ಹಿಡಿದರೆ ಚಿಕ್ಕಮಗಳೂರಿನಲ್ಲಿ ಬನಿಯನ್ನೇ ಒಣಗಲ್ಲ. ನಾನು ಬಣ್ಣ ಒಣಗಿಸಲು ಹೊರಟಿದ್ದೇನೆ. ನಿಜವಾದ ಕಾರಿನ 1/24 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಾರು, ಕೆಂಪು ಬಣ್ಣ, ಮೇಲೆ ಹೊಳಪಿಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಲ್ಯಾಕರ್.

ಹೊಡೆದ ಸ್ವಲ್ಪ ಹೊತ್ತಿಗೇ ಮುಳ್ಳಯ್ಯನಗಿರಿಯ ಮಂಜು ಬಾನೆಟ್ಟಿಗೂ ಬಂತು. ಲ್ಯಾಕರ್‌ನ ಥಿನ್ನರ್ ಸರಸರ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರೋ ತೇವ ಅಲ್ಲೇ ಕೂತು ಬೆಳ್ಳಗಾಗುತ್ತದೆ. ಅದಕ್ಕೆ ಮದ್ದಿದೆ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ತೆಳ್ಳಗೆ ಸಿಂಪಡಿಸಿದೆ, ಬಿಳುಪು ಹೋಯಿತು.

ಮಾವನವರಿಗೆ ಮಾತ್ರ ಮದ್ದಿಲ್ಲ.

ಅವರು ಜೀವಮಾನವೆಲ್ಲ ಕಾಫಿ ಒಣಗಿಸಿದವರು. ಕಣದಲ್ಲಿ ಹರಡಿದ ಬೀಜವನ್ನು ಉಗುರಲ್ಲಿ ಒತ್ತಿ, ಹಲ್ಲಲ್ಲಿ ಕಡಿದು, ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಪುಣ್ಯಕ್ಕೆ ಕಾರನ್ನು ಕಡಿಯಲಿಲ್ಲ.

"ಒಣಗ್ತಾ ಅಳಿಯಂದ್ರೇ?"

"ಇಲ್ಲ ಮಾವ, ಮುಟ್ಟಬೇ..."

ನನ್ನ 'ಡಿ' ಹೊರಡುವ ಮೊದಲೇ ಹೆಬ್ಬೆರಳು ಕಾರಿನ ಟಾಪ್ ಮೇಲಿತ್ತು. ಸಿಮ್ ತಗೊಳ್ಳೋಕೆ ಹೋದಾಗ ಎಷ್ಟು ಒತ್ತಿದರೂ ಯಂತ್ರಕ್ಕೆ ಸಿಗದ ಬೆರಳಚ್ಚು. ನನ್ನ ಕಾರಿನ ಮೇಲೆ ಗೆರೆಗೆರೆಯಾಗಿ ಮೂಡಿತ್ತು.

ಉಜ್ಜಿ, ಮತ್ತೆ ಹೊಡೆದು, ವಿನಯದಿಂದಲೇ ಹೇಳಿದೆ. "ಇದನ್ನ ಮುಟ್ಟಿ ನೋಡಬಾರದು ಮಾವ, ಮೂಸಿ ನೋಡಬೇಕು. ಥಿನ್ನರ್ ವಾಸನೆ ಇದ್ದರೆ ಒಳಗಿನ್ನೂ ಹಸಿ ಅಂತ ಲೆಕ್ಕ." ಮಾಡೆಲ್ ಮಾಡುವವರೆಲ್ಲ ಹಾಗೇ ನೋಡೋದು. ಆದರೆ ಅವರ್ಯಾರೂ ನಶ್ಯ ಹಾಕಲ್ಲ, ಅಲ್ವಾ? ಮಾವ ಬಗ್ಗಿದರು. ದೀರ್ಘವಾಗಿ ಎಳೆದರು. "ಏನೂ ವಾಸನೆ ಇಲ್ಲ, ಒಣಗಿದೆ" ಅಂತ ತೀರ್ಪು ಕೊಟ್ಟರು. ಆಮೇಲೆ ಸೀನಿದರು.

ಬಾನೆಟ್, ಬಾಗಿಲು, ಡಿಕ್ಕಿ, ಎಲ್ಲೆಲ್ಲೂ ಕಂದು ಚುಕ್ಕೆ. ಈಗ 2000 ನಂಬರಿನ ಎಮರಿ ಪೇಪರನ್ನು ನೀರಲ್ಲಿ ಅದ್ದಿ ಒಂದೊಂದೇ ಉಜ್ಜಬೇಕು. ಅಂಚಲ್ಲಿ ಸ್ವಲ್ಪ ಜಾಸ್ತಿಯಾದರೆ ಕೆಳಗಿನ ಬಣ್ಣವೂ ಕಿತ್ತು ಬರುತ್ತದೆ. ಇಷ್ಟಕ್ಕೇ ಬಿಟ್ಟರಾ? "ಬಚ್ಚಲ ಒಲೆ ಮೇಲೆ ಇಡಿ, ಮೆಣಸೇ ಒಣಗುತ್ತೆ" ಅಂದರು. ಬಿಸಿಗೆ ಸೊಟ್ಟಗಾಗುವ ಪ್ಲಾಸ್ಟಿಕ್ ಅದು!

ರೇಗೋಣ ಅಂದರೆ ಬಾಯಿ ಬರಲ್ಲ. ತೋಟ ಮಾರಿ ನಮ್ಮ ಜೊತೆ ಬಂದಿದ್ದಾರೆ. ಕಣ ಇಲ್ಲ, ಆಳು ಇಲ್ಲ, ಮೋಡ ನೋಡಿ ಬೈಯುವ ಕೆಲಸವೂ ಇಲ್ಲ. ಒಣಗಿತಾ ಅಂತ ನೋಡೋಕೆ ಈ ಮನೆಯಲ್ಲಿ ಅವರಿಗೆ ಸಿಕ್ಕಿರೋದು ಇದೊಂದೇ.

ಹಾಗಂತ ಬಿಡೋಕಾಗುತ್ತಾ? ಕಾರನ್ನು ಡಬ್ಬಿಯೊಳಗಿಟ್ಟು ಬೀರು ಮೇಲೆ ಹತ್ತಿಸಿದೆ. ಇವತ್ತು ಬೆಳಗ್ಗೆ ನೋಡಿದರೆ ಮಾವ ಬೀರು ಪಕ್ಕ ಸ್ಟೂಲ್ ಎಳೆಯುತ್ತಿದ್ದರು.

"ಏನು ಮಾವ?"

"ಬಲ್ಬ್ ಹೋಗಿದೆ, ಬದಲಾಯಿಸೋಣ ಅಂತ."

ಬಲ್ಬ್ ಉರಿಯುತ್ತಲೇ ಇತ್ತು.