ಕಷ್ಟಪಟ್ಟರು ಸರಿ, ಮಾಡಿದ್ದೇನು ಅಂತ ಯಾರಾದರೂ ಹೇಳ್ತೀರಾ?

ನಿನ್ನೆ ಒಂದು ಹೈಸ್ಕೂಲಿಗೆ ವಿಜ್ಞಾನ ದಿನದ ಕಾರ್ಯಕ್ರಮಕ್ಕೆ ಹೋಗಿದ್ದೆ. ಮಹಿಳಾ ವಿಜ್ಞಾನಿಗಳ ಬಗ್ಗೆ ಪೋಸ್ಟರ್ ಸ್ಪರ್ಧೆ, ನಾನು ಜಡ್ಜ್. ಖುಷಿಯಲ್ಲೇ ಹೋದೆ. ಬರುವಾಗ ತಲೆ ಕೆಟ್ಟಿತ್ತು. ಸಿಟ್ಟು ಮಕ್ಕಳ ಮೇಲಲ್ಲ, ಅವರು ಪಾಪ ಥರ್ಮೋಕೋಲು, ಬಣ್ಣದ ಕಾಗದ ಎಲ್ಲ ಹಾಕಿ ಚೆನ್ನಾಗಿಯೇ ಮಾಡಿದ್ದರು. ಸಿಟ್ಟು ಅವರಿಗೆ ಬರೆದುಕೊಟ್ಟ ದೊಡ್ಡವರ ಮೇಲೆ.

ಕಮಲಾ ಸೊಹೊನಿ ಅವರ ಪೋಸ್ಟರ್ ಮುಂದೆ ನಿಂತಿದ್ದ ಹುಡುಗಿ ಗಡಗಡ ಅಂತ ಒಪ್ಪಿಸಿದಳು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಅರ್ಜಿ ಹಾಕಿದರು, ಹೆಣ್ಣು ಅನ್ನೋ ಕಾರಣಕ್ಕೆ ಅಲ್ಲಿಯ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಸೀಟು ಕೊಡಲಿಲ್ಲ, ಇವರು ಸತ್ಯಾಗ್ರಹಕ್ಕೆ ನಿಂತರು, ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಎಲ್ಲ ಸರಿ.

‘ಸೇರಿದ ಮೇಲೆ ಏನು ಮಾಡಿದರು ಪುಟ್ಟಾ?’ ಅಂದೆ.

‘ತುಂಬಾ ಕಷ್ಟಪಟ್ಟರು ಮಿಸ್.’

‘ಕಷ್ಟಪಟ್ಟು ಏನು ಕಂಡುಹಿಡಿದರು?’

ಹುಡುಗಿ ಟೀಚರ್ ಮುಖ ನೋಡಿದಳು. ಟೀಚರ್ ಗೋಡೆ ನೋಡಿದರು.

ನೋಡಿ, ಇದೇ ನನ್ನ ತಕರಾರು. ಮಹಿಳಾ ವಿಜ್ಞಾನಿಗಳನ್ನು ಮರೆತಿದ್ದೇವೆ, ನೆನಪು ಮಾಡಿಕೊಳ್ಳೋಣ ಅಂತ ವರ್ಷಕ್ಕೆ ಎರಡು ಸಲ, ಫೆಬ್ರವರಿ 28ಕ್ಕೆ ಒಮ್ಮೆ ಮಾರ್ಚ್ 8ಕ್ಕೆ ಒಮ್ಮೆ, ಎಲ್ಲರೂ ಎದ್ದು ನಿಲ್ಲುತ್ತೇವೆ. ನೆನಪು ಮಾಡಿಕೊಳ್ಳುವುದು ಏನನ್ನು? ಯಾರು ಬೇಡ ಅಂದರು, ಯಾರು ಬಾಗಿಲು ಹಾಕಿದರು, ಎಷ್ಟು ಅತ್ತರು. ಅವರ ಕೆಲಸ ಎಲ್ಲಿ ಹೋಯಿತು? ರಾಮನ್ ಬಗ್ಗೆ ಹೇಳುವಾಗ ಸಮುದ್ರ ಯಾಕೆ ನೀಲಿ ಅನ್ನೋದರಿಂದ ಶುರು ಮಾಡುತ್ತೇವೆ. ವಿಶ್ವೇಶ್ವರಯ್ಯನವರ ಬಗ್ಗೆ ಹೇಳುವಾಗ ತಾವಾಗಿಯೇ ತೆರೆದುಕೊಳ್ಳುವ ಅಣೆಕಟ್ಟಿನ ಗೇಟು. ಬೀದಿದೀಪದ ಕೆಳಗೆ ಓದಿದ್ದು ಆಮೇಲೆ ಬರುತ್ತದೆ, ಉಪ್ಪಿನಕಾಯಿ ಥರ. ಹೆಂಗಸರಿಗೆ ಮಾತ್ರ ಎಲೆ ತುಂಬ ಉಪ್ಪಿನಕಾಯಿಯೇ. ಅನ್ನ ಬಡಿಸೋರೇ ಇಲ್ಲ.

ಸರಿ, ನಾನೇ ಹೇಳುತ್ತೇನೆ. ಕಮಲಾ, ಆಗಿನ್ನೂ ಕಮಲಾ ಭಾಗವತ್, ಬೆಂಗಳೂರಿನಲ್ಲಿ ಶ್ರೀನಿವಾಸಯ್ಯ ಎನ್ನುವ ಮೇಷ್ಟ್ರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನು ಅಭ್ಯಾಸ ಮಾಡಿದರು. ಬಡವರ ದೇಶದಲ್ಲಿ ಬೇಳೆಯಲ್ಲಿ ಏನಿದೆ ಅಂತ ತಿಳಿಯುವುದು ಸಣ್ಣ ಕೆಲಸವಾ? ಆಮೇಲೆ ಕೇಂಬ್ರಿಡ್ಜ್. ನಮ್ಮ ಜೀವಕೋಶಗಳು ಆಹಾರದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನುಗಳನ್ನು ಮುಂದೆ ದಾಟಿಸುವ ಒಂದು ಪ್ರೋಟೀನು ಇದೆ, ಸೈಟೋಕ್ರೋಮ್ ಸಿ ಅಂತ. ಆಲೂಗಡ್ಡೆ ಇಟ್ಟುಕೊಂಡು ಕೆಲಸ ಮಾಡುತ್ತ, ಗಿಡದ ಜೀವಕೋಶದಲ್ಲೂ ಅದು ಇದೆ ಎಂದು ಇವರು ತೋರಿಸಿದರು. ಪ್ರಾಣಿಯೂ ಗಿಡವೂ ಒಳಗೊಳಗೇ ಒಂದೇ ರೀತಿ ಉಸಿರಾಡುತ್ತವೆ ಅನ್ನೋದರ ಒಂದು ತುಂಡು ಅದು. 1939ರಲ್ಲಿ ಪಿಎಚ್‌ಡಿ. ಥೀಸಿಸ್ ಬರೀ 40 ಪುಟ! ಈಗಿನ ನಮ್ಮ ಕೆಲವು ಪಿಎಚ್‌ಡಿಗಳಲ್ಲಿ ಕೃತಜ್ಞತೆಯೇ ಅಷ್ಟು ಇರುತ್ತೆ, ಬಿಡಿ. ಭಾರತಕ್ಕೆ ಬಂದ ಮೇಲೆ ಮುಂಬೈಯಲ್ಲಿ ನೀರಾ, ಅಂದರೆ ತಾಳೆ ಜಾತಿಯ ಮರದಿಂದ ಇಳಿಸುವ ಸಿಹಿ ರಸದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದರಲ್ಲಿ ಏನೇನು ಪೋಷಕಾಂಶ ಇದೆ, ಸರಿಯಾಗಿ ಊಟ ಸಿಗದ ಮಕ್ಕಳಿಗೆ, ಗರ್ಭಿಣಿಯರಿಗೆ ಅದನ್ನು ಹೇಗೆ ಬಳಸಬಹುದು ಅಂತ. ಆಲೂಗಡ್ಡೆ, ಬೇಳೆ, ನೀರಾ. ಇದರಲ್ಲಿ ಹೈಸ್ಕೂಲು ಮಕ್ಕಳಿಗೆ ಅರ್ಥವಾಗದೆ ಇರೋದು ಯಾವುದು ಹೇಳಿ?

ಅಲ್ಲೇ ಪಕ್ಕದ ಪೋಸ್ಟರಿನಲ್ಲಿ ಅನ್ನಾ ಮಣಿ. ಕೇರಳದ ಪೀರ್ಮೇಡಿನವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯಲ್ಲಿ ವಜ್ರದ ಓಲೆ ಕೊಡಲು ಬಂದರೆ, ಬೇಡ, ಎನ್‌ಸೈಕ್ಲೋಪೀಡಿಯಾ ಕೊಡಿಸಿ ಅಂದರಂತೆ. ಪೋಸ್ಟರು ಅಲ್ಲಿಗೆ ಮುಗಿಯಿತು. ಕೆಳಗೆ ಒಂದು ಓಲೆಯ ಚಿತ್ರ. ಅಯ್ಯೋ ದೇವರೇ! ಕತೆಯ ಮಜಾ ಇರೋದೇ ಅದರ ಮುಂದೆ. ಓಲೆಯ ವಜ್ರ ಬೇಡ ಅಂದ ಆ ಹುಡುಗಿ ದೊಡ್ಡವಳಾಗಿ ಬೆಂಗಳೂರಿಗೆ ಬಂದು, ರಾಮನ್ ಅವರ ಲ್ಯಾಬಿನಲ್ಲಿ ವರ್ಷಗಟ್ಟಲೆ ಮಾಡಿದ್ದು ವಜ್ರದ ಕೆಲಸವನ್ನೇ. ಮೂವತ್ತಕ್ಕೂ ಹೆಚ್ಚು ವಜ್ರಗಳು. ಅವುಗಳ ಮೇಲೆ ಬೆಳಕು ಬಿಟ್ಟರೆ ವಜ್ರ ತಾನೂ ಒಂದು ಮಂದ ಬೆಳಕು ಬೀರುತ್ತದೆ. ಎಷ್ಟು ಮಂದ ಅಂದರೆ, ಫೋಟೋ ಪ್ಲೇಟಿನ ಮೇಲೆ ಅದು ಮೂಡಬೇಕಾದರೆ 15ರಿಂದ 20 ಗಂಟೆ ಕಾಯಬೇಕು. ಅಷ್ಟೂ ಹೊತ್ತು ಹರಳನ್ನು ದ್ರವ ಗಾಳಿಯಷ್ಟು ತಣ್ಣಗೆ ಇಟ್ಟಿರಬೇಕು. ಹಾಗಾಗಿ ರಾತ್ರಿಯೆಲ್ಲ ಲ್ಯಾಬಿನಲ್ಲೇ. 1942ರಿಂದ 1945ರ ಒಳಗೆ ಒಬ್ಬರದೇ ಹೆಸರಿನಲ್ಲಿ ಐದು ಪ್ರಬಂಧ.

ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ, ಎಂಎಸ್ಸಿ ಆಗಿಲ್ಲ ಅಂತ. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳಬೇಕು ಕೂಡ. ಆದರೆ ಆ ಪಿಎಚ್‌ಡಿ ಥೀಸಿಸ್ ಒಳಗೆ ಏನಿತ್ತು ಅಂತ ಒಬ್ಬರಾದರೂ ಹೇಳಿದ್ದು ನಾನು ಕೇಳಿಲ್ಲ. ಅನ್ನಾ ಮಣಿ ಅವರಿಗೆ ಈ ಪಿಎಚ್‌ಡಿ ಸಿಗದ ಕತೆ ಎಳೆಯುವುದೇ ಬೇಕಿರಲಿಲ್ಲ. ಅದರಿಂದ ತನ್ನ ಬದುಕಿಗೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ ಅನ್ನೋದು ಅವರ ಮಾತು. ನಾವು ಮಾತ್ರ ಅವರ ಪರವಾಗಿ ಇನ್ನೂ ಅಳುತ್ತಾ ಕೂತಿದ್ದೇವೆ.

ಅವರಾದರೋ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಒತ್ತಡ ಅಳೆಯುವ ಸಾಮಾನ್ಯ ಉಪಕರಣವನ್ನೂ ಹೊರದೇಶದಿಂದ ತರಿಸುತ್ತಿದ್ದ ಕಾಲ. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು, ಇಲ್ಲೇ ಮಾಡಿಸಿದರು. ನನ್ನ ಹತ್ತಿರ ಪಿಯು ಫಿಸಿಕ್ಸ್ ಓದಿದವರಿಗೆ ಅಳತೆ ಸರಿಯಾಗಿ ಬರದಿದ್ದರೆ ಏನಾಗುತ್ತೆ ಅಂತ ಗೊತ್ತು, ಬೈಸಿಕೊಂಡಿದ್ದೀರಿ. ಒಂದು ಊರಿನ ಉಪಕರಣ ಒಂದು ಹೇಳಿ, ಇನ್ನೊಂದು ಊರಿನದು ಇನ್ನೊಂದು ಹೇಳಿದರೆ ಮುನ್ಸೂಚನೆ ಎಲ್ಲಿಂದ ಬರುತ್ತದೆ? ಆಮೇಲೆ ಬಿಸಿಲು ಅಳೆಯುವ ಕೇಂದ್ರಗಳು, ಓಝೋನ್ ಅಳೆಯಲು ಆಕಾಶಕ್ಕೆ ಬಿಡುವ ಉಪಕರಣ. ನಮ್ಮ ದೇಶದ ಬಿಸಿಲಿನ ಅಂಕಿಅಂಶಗಳ ದಪ್ಪ ಪುಸ್ತಕ 1980ರಲ್ಲಿ ಬಂತು. ರಿಟೈರ್ ಆದ ಮೇಲೂ ಸುಮ್ನೆ ಕೂರಲಿಲ್ಲ. ಬೆಂಗಳೂರಿನಲ್ಲಿ ಇದ್ದುಕೊಂಡು ದೇಶದ 700ಕ್ಕೂ ಹೆಚ್ಚು ಜಾಗಗಳ ಗಾಳಿಯ ಲೆಕ್ಕ ಹಾಕಿಸಿದರು. ಚಿತ್ರದುರ್ಗ, ಗದಗದ ಕಡೆ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರ ನೋಡಿ ಸೆಲ್ಫಿ ತೆಗೀತೀರಲ್ವಾ? ಅಂಥ ಯಂತ್ರ ನಿಲ್ಲಿಸುವ ಮೊದಲು ಅಲ್ಲಿ ಗಾಳಿ ಎಷ್ಟು ಬೀಸುತ್ತೆ ಅಂತ ಯಾರೋ ಕೂತು ಅಳೆಯಬೇಕು. ಈ ದೇಶದಲ್ಲಿ ಆ ಅಳೆಯುವ ಕೆಲಸಕ್ಕೆ ಬುನಾದಿ ಹಾಕಿದವರ ಸಾಲಿನಲ್ಲಿ ಮುಂದೆ ನಿಂತವರು ಅನ್ನಾ ಮಣಿ. ಪೋಸ್ಟರಿನಲ್ಲಿ? ಓಲೆ.

ಇದರ ಮೇಲೆ ನಿನ್ನೆಯ ಮುಖ್ಯ ಅತಿಥಿಗಳು ಭಾಷಣದಲ್ಲಿ, ಇವರೆಲ್ಲ ಮನೆ, ಗಂಡ, ಮಕ್ಕಳು ಎಲ್ಲವನ್ನೂ ನಿಭಾಯಿಸಿಕೊಂಡು ವಿಜ್ಞಾನ ಮಾಡಿದ ಮಹಾತಾಯಂದಿರು ಅಂದರು. ಅನ್ನಾ ಮಣಿ ಮದುವೆಯೇ ಆಗಿರಲಿಲ್ಲ ಸ್ವಾಮಿ! ಪಕ್ಕದಲ್ಲೇ ಕೂತಿದ್ದೆ. ಶಾಲು ಹೊದಿಸಿದ್ದರು, ಅದಕ್ಕೆ ಬಾಯಿ ಮುಚ್ಚಿಕೊಂಡೆ.

ನಮ್ಮದೇ ರಾಜೇಶ್ವರಿ ಚಟರ್ಜಿ ಅವರ ಪೋಸ್ಟರ್ ಇರಲೇ ಇಲ್ಲ. ಕೇಳಿದರೆ, ‘ಅವರು ಬಂಗಾಳದವರಲ್ವಾ ಮೇಡಂ?’ ಚಟರ್ಜಿ ಗಂಡನ ಮನೆ ಹೆಸರು ಮಾರಾಯರೇ. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ, ಹಳೇ ಮೈಸೂರಿನ ಮೊದಮೊದಲ ಹೆಣ್ಣು ಪದವೀಧರರಲ್ಲಿ ಒಬ್ಬರು. ಬೆಂಗಳೂರಿನಲ್ಲಿ ಗಣಿತ ಓದಿ, ಮಿಶಿಗನ್ನಿಗೆ ಹೋಗಿ, 1953ರಲ್ಲಿ ಪಿಎಚ್‌ಡಿ ಮುಗಿಸಿ ಟಾಟಾ ಇನ್‌ಸ್ಟಿಟ್ಯೂಟಿಗೇ ಮೇಷ್ಟರಾಗಿ ಬಂದರು. ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಕಡೆ ಒಂದೇ ಸಾಲು: ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. ಮೊದಲ, ಮೊದಲ, ಮೊದಲ. ಬಸ್ಸು ಹತ್ತಿದವರಲ್ಲಿ ಯಾರು ಮೊದಲು ಅಂತ ಲೆಕ್ಕ ಇಡುತ್ತೇವೆ. ಬಸ್ಸು ಹೋಗಿದ್ದು ಎಲ್ಲಿಗೆ ಅಂತ ಕೇಳಲ್ಲ. ಅವರ ಕೆಲಸ ಮೈಕ್ರೋವೇವು ಮತ್ತು ಆಂಟೆನಾ. ಗಂಡ ಶಿಶಿರ್ ಕುಮಾರ್ ಚಟರ್ಜಿ ಜೊತೆ ಸೇರಿ ಅಲ್ಲಿ ಮೈಕ್ರೋವೇವ್ ಲ್ಯಾಬು ಕಟ್ಟಿದರು. ಲೋಹದ ಕಡ್ಡಿಯಿಂದ ತರಂಗ ಹೊರಡುವುದು ನಮಗೆಲ್ಲ ಗೊತ್ತು. ವಿದ್ಯುತ್ ಹರಿಯದ ವಸ್ತುವಿನ ಕಡ್ಡಿಯಿಂದಲೂ ತರಂಗವನ್ನು ಬೇಕಾದ ಕಡೆಗೆ ಬಿಡಬಹುದು. ಅದು ಹೇಗೆ, ಎಷ್ಟು ಅನ್ನೋ ಲೆಕ್ಕ ಅವರದು. ಅದರ ಮೇಲೆ ಪುಸ್ತಕವನ್ನೇ ಬರೆದರು. ರಾಡಾರು, ವಿಮಾನ, ಉಪಗ್ರಹಗಳಿಗೆ ಬೇಕಾದ ವಿದ್ಯೆ ಇದು. ಸುಮಾರು 20 ಜನರಿಗೆ ಪಿಎಚ್‌ಡಿ ಮಾಡಿಸಿದರು. ಬೆಂಗಳೂರನ್ನು ರಾಡಾರಿನ ಊರು, ಉಪಗ್ರಹದ ಊರು ಅಂತ ಬೀಗುವಾಗ ಈ ಹೆಸರು ನಾಲಿಗೆಗೆ ಬರಬೇಕಿತ್ತು ತಾನೇ?

ಬಿಭಾ ಚೌಧುರಿ ಪೋಸ್ಟರಿನಲ್ಲಿ ‘ನೊಬೆಲ್ ಕೈತಪ್ಪಿದ ನತದೃಷ್ಟೆ’ ಅಂತ ಇತ್ತು. ಭೌತವಿಜ್ಞಾನಿ ಡಿ.ಎಂ. ಬೋಸ್ ಅವರ ಜೊತೆ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಫೋಟೋ ಪ್ಲೇಟು ಇಟ್ಟು, ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳ ಗೀರು ಓದಿದ್ದು, ಎಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಟ್ಟು ಭಾರದ ಕಣದ ಗುರುತು ಹಿಡಿದಿದ್ದು, ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಕೈಜೋಡಿಸಿದ್ದು, ಒಂದೂ ಇಲ್ಲ. ನತದೃಷ್ಟೆ ಅಂತೆ!

ಚಹಾ ಕುಡಿಯುವಾಗ ಇದನ್ನು ಹೇಳಿದೆ. ಅಲ್ಲಿಯ ಸೈನ್ಸ್ ಮೇಷ್ಟ್ರು ನಕ್ಕರು. ‘ಮೇಡಂ, ಮಕ್ಕಳಿಗೆ ಸೈಟೋಕ್ರೋಮ್ ಅಂದರೆ ನಿದ್ದೆ ಬರುತ್ತೆ. ಹೋರಾಟದ ಕತೆ ಹೇಳಿದರೆ ಸ್ಫೂರ್ತಿ ಬರುತ್ತೆ.’ ಇರಬಹುದು, ಸ್ವಲ್ಪ ನಿಜವೂ ಇರಬಹುದು. ಆದರೆ ಸ್ಫೂರ್ತಿ ಯಾವುದಕ್ಕೆ? ಕಷ್ಟಪಡುವುದಕ್ಕಾ? ಅದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಸ್ಫೂರ್ತಿ ಬೇಕಾಗಿಲ್ಲ, ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ. ರಾತ್ರಿಯೆಲ್ಲ ಕೂತು ವಜ್ರದ ಬೆಳಕು ಹಿಡಿಯುವ ಕೆಲಸ ಒಂದು ಇದೆ, ಅದನ್ನು ನಾನೂ ಮಾಡಬಹುದು ಅಂತ ಒಂದು ಹುಡುಗಿಗೆ ಅನ್ನಿಸಬೇಕಾದರೆ ಮೊದಲು ಆ ಕೆಲಸದ ಸುದ್ದಿ ಅವಳ ಕಿವಿಗೆ ಬೀಳಬೇಕು. ಹಾಗಂತ ರಾಮನ್ ಮಾಡಿದ್ದನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಕಮಲಾ ಅವರು ಅದನ್ನು ಕೊನೆವರೆಗೂ ಮರೆಯಲಿಲ್ಲ, ವೇದಿಕೆಯ ಮೇಲೆ ನೇರವಾಗಿಯೇ ಹೇಳಿದರು. ಹೇಳಿ. ಎರಡು ಸಾಲು ಹೇಳಿ, ಹತ್ತು ಸಾಲು ಆಲೂಗಡ್ಡೆ ಬಗ್ಗೆ ಹೇಳಿ.

ಇಷ್ಟು ಸಿಟ್ಟು ಯಾಕಮ್ಮ ಅಂತ ಕೇಳುವವರಿಗೆ, ಹೇಳಿಬಿಡುತ್ತೇನೆ. ನಾನು ರಿಟೈರ್ ಆದ ದಿನ ಇನ್ನೊಬ್ಬರು ಮೇಷ್ಟ್ರೂ ರಿಟೈರ್ ಆದರು. ಅವರ ಬಗ್ಗೆ ಮಾತಾಡಿದವರು ಅವರ ಕೆಮಿಸ್ಟ್ರಿ ಪಾಠ, ಪ್ರಶ್ನೆಪತ್ರಿಕೆ ತೆಗೆಯುವ ಚಾಕಚಕ್ಯತೆ ಎಲ್ಲ ಹೊಗಳಿದರು. ನನ್ನ ಸರದಿ ಬಂದಾಗ ‘ಅಮ್ಮನಂಥವರು, ಒಂದು ದಿನವೂ ಮುಖ ಗಂಟು ಹಾಕಿದವರಲ್ಲ.’ ಮೂಲೆಯಲ್ಲಿ ಧೂಳು ಹಿಡಿದಿದ್ದ ಸ್ಪೆಕ್ಟ್ರೋಮೀಟರುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಸರಿ ಮಾಡಿ ಮಕ್ಕಳ ಕೈಗೆ ಕೊಟ್ಟವಳು ನಾನು. ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹಾರ ಹಾಕಿಸಿಕೊಂಡು ಬಂದೆ. ಮತ್ತೆ, ಮುಖ ನಾನು ಎಷ್ಟೋ ಸಲ ಗಂಟು ಹಾಕಿದ್ದೇನೆ. ನನ್ನ ಹತ್ತಿರ ಓದಿದವರೇ ಸಾಕ್ಷಿ.

ಕೊನೆಗೆ ಒಂದು ಹೆಸರು. ಸುನಂದಾ ಬಾಯಿ. ಇವರೂ ರಾಮನ್ ಅವರ ಲ್ಯಾಬಿನಲ್ಲಿ ಇದ್ದವರು. ಬೆಳಕು ಚದುರುವುದರ ಬಗ್ಗೆ 1939ರಿಂದ 1945ರ ನಡುವೆ ತಾವೊಬ್ಬರೇ ಬರೆದ ಹತ್ತು ಪ್ರಬಂಧ ಇವೆ. ಇವರಿಗೂ ಪಿಎಚ್‌ಡಿ ಸಿಗಲಿಲ್ಲ. ಓಲೆಯ ಕತೆ ಇಲ್ಲ, ಸತ್ಯಾಗ್ರಹದ ಕತೆ ಇಲ್ಲ, ‘ಮೊದಲ’ ಅನ್ನೋ ಪಟ್ಟವೂ ಇಲ್ಲ. ಇರುವುದು ಕೆಲಸ ಮಾತ್ರ. ಅದಕ್ಕೇ ನಿನ್ನೆಯ ಇಡೀ ಹಾಲಿನಲ್ಲಿ ಇವರ ಒಂದು ಪೋಸ್ಟರೂ ಇರಲಿಲ್ಲ.

ಕಾಮೆಂಟಿನಲ್ಲಿ ಕೈಮುಗಿಯುವ ಚಿತ್ರ, ‘ಹೆಮ್ಮೆ’, ‘ಸ್ಫೂರ್ತಿ’ ಹಾಕಬೇಡಿ ದಯವಿಟ್ಟು. ನಿಮಗೆ ಗೊತ್ತಿರುವ ಒಬ್ಬ ಹೆಂಗಸಿನ ಹೆಸರು ಹಾಕಿ, ಲ್ಯಾಬಿನವರಾದರೂ ಸರಿ, ಹೊಲದವರಾದರೂ ಸರಿ. ಪಕ್ಕದಲ್ಲಿ ಅವರು ಏನು ಮಾಡಿದರು ಅಂತ ಒಂದು ಸಾಲು ಬರೆಯಿರಿ. ‘ಕಷ್ಟಪಟ್ಟರು’ ಅಂತ ಬರೆದವರ ಕಾಮೆಂಟ್ ಡಿಲೀಟ್ ಮಾಡುತ್ತೇನೆ.