ಮಡಿಕೇರಿ ಗದ್ದಿಗೆ ಟಿಪ್ಪು ಕಟ್ಟಿಸಿದ್ದಲ್ಲ

ಕೊಡಗಿನ ಅರಸರ ಸಮಾಧಿಗಳಿರುವ ಮಡಿಕೇರಿ ಗದ್ದಿಗೆಯ ಫೋಟೊ ಹಾಕಿ, ‘ಗುಮ್ಮಟ, ಮಿನಾರು ನೋಡಿ, ಇದು ಟಿಪ್ಪು ಕಟ್ಟಿಸಿದ ದರ್ಗಾ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇಸವಿ ನೋಡಿದರೇ ಈ ಮಾತು ನಿಲ್ಲುವುದಿಲ್ಲ. ಟಿಪ್ಪು ಸತ್ತದ್ದು 1799ರಲ್ಲಿ. ಇಲ್ಲಿ ಪತ್ನಿ ಮಹಾದೇವಮ್ಮನ ಜೊತೆ ಸಮಾಧಿಯಾಗಿರುವ ದೊಡ್ಡವೀರರಾಜೇಂದ್ರ ತೀರಿಕೊಂಡದ್ದು 1809ರಲ್ಲಿ. ಪಕ್ಕದ ಸಮಾಧಿ ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಮೂರನೆಯದು, ಚಿಕ್ಕದು, ರಾಜಗುರು ರುದ್ರಪ್ಪನದು, 1834ರದು.

ಕೊಡಗನ್ನಾಳಿದ ಈ ಹಾಲೇರಿ ವಂಶದ ಅರಸರು ಲಿಂಗಾಯತರು. ಸುಡುವ ಪದ್ಧತಿ ಇಲ್ಲ, ಮಣ್ಣು ಮಾಡುತ್ತಾರೆ. ಗದ್ದಿಗೆಯ ಒಳಗೆ ಲಿಂಗಪೂಜೆ. ಹೊರಗೆ ನಿಂತು ಕತ್ತೆತ್ತಿದರೆ ನಡುವೆ ಗುಮ್ಮಟ, ಮೂಲೆಗೊಂದು ಗೋಪುರ, ಜೊತೆಗೆ ನಂದಿಯೂ ಕಾಣುತ್ತದೆ. ಹರಿದಾಡುವ ಫೋಟೊದಲ್ಲಿ ನಂದಿ ಮಾತ್ರ ಹೇಗೋ ತಪ್ಪಿಹೋಗಿದೆ! ಶೈಲಿ ಇಸ್ಲಾಮೀ ವಾಸ್ತುವಿನಿಂದ ಬಂದದ್ದು ನಿಜ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೂ ನಡುಗುಮ್ಮಟ, ಸುತ್ತ ನಾಲ್ಕು ಗೋಪುರ ಇವೆ. ಅದನ್ನು ಯಾರೂ ದರ್ಗಾ ಎನ್ನುವುದಿಲ್ಲ.

ಟಿಪ್ಪು ವಿರುದ್ಧ ಕಾದಾಡಿದ ಬಿದ್ದಂಡ ಬೋಪು ಸಮಾಧಿಯೂ ಇದೇ ಆವರಣದಲ್ಲಿದೆ.

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಸಮಾಧಿಯೂ ಇಲ್ಲಿದೆ ಎಂದು ಕೆಲವರು ಸೇರಿಸುತ್ತಾರೆ. ಇಲ್ಲ. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಆತ ತೀರಿಕೊಂಡದ್ದು ಲಂಡನ್‌ನಲ್ಲಿ, 1859ರಲ್ಲಿ.